ಕಲ್ಪತರು ನಾಡಿನ ಮಕ್ಕಳು, ವಿದೇಶದ ಸೀಟು ಮತ್ತು ಇಂಗ್ಲಿಷ್ ಪರೀಕ್ಷೆಗಳು

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯಲ್ಲಿ ಮಗನನ್ನೋ ಮಗಳನ್ನೋ ಹೊರದೇಶಕ್ಕೆ ಓದಲು ಕಳಿಸುವ ಮಾತೆದ್ದ ಮನೆಯಲ್ಲಿ ಇಂಗ್ಲಿಷ್ ಪರೀಕ್ಷೆಯ ಬಗ್ಗೆ ಬಹಳ ಬೇಗ ಬರುವ ಪ್ರಶ್ನೆ ಒಂದಿದೆ: 'ಐಇಎಲ್‌ಟಿಎಸ್ ಬರೆಸೋದೋ, ಪಿಟಿಇ ಬರೆಸೋದೋ? ಯಾವುದು ಸುಲಭ?' ಕೇಳುವವರು ತೋಟದವರು, ಮೇಷ್ಟ್ರುಗಳು, ಮಂಡಿ ವ್ಯಾಪಾರದವರು. ಉತ್ತರ ಕೊಡುವವರು ಬಹುಪಾಲು ಕೋಚಿಂಗ್ ಸೆಂಟರಿನವರು, ಇಲ್ಲವೇ ವೀಸಾ ಏಜೆಂಟರು. ಓದುವ ಕೋರ್ಸು, ಸೇರುವ ವಿಶ್ವವಿದ್ಯಾಲಯ, ವೀಸಾ ಕೊಡುವ ದೇಶ ಈ ಮೂರೂ ಗೊತ್ತಾದ ಮೇಲೆ ಕೇಳಬೇಕಾದ ಪ್ರಶ್ನೆಯನ್ನು ನಾವು ಎಲ್ಲಕ್ಕಿಂತ ಮೊದಲು ಕೇಳುತ್ತಿದ್ದೇವೆ. ಪರೀಕ್ಷೆಯ ಆಯ್ಕೆ ಕೊನೆಗೆ ಬರಬೇಕು, ಇಂಗ್ಲಿಷಿನ ಅಭ್ಯಾಸ ಮೊದಲಿಗೆ ಬರಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ಯಾಕೆ ಎಂಬುದನ್ನು ಒಂದೊಂದೇ ಪರೀಕ್ಷೆಯನ್ನು ಬಿಡಿಸಿ ನೋಡಿದರೆ ತಿಳಿಯುತ್ತದೆ.

ದುಡ್ಡಿನ ಮಾತನ್ನು ಮೊದಲೇ ಮುಗಿಸೋಣ. ಐಇಎಲ್‌ಟಿಎಸ್, ಟೋಫೆಲ್, ಪಿಟಿಇ ಮೂರಕ್ಕೂ ಈಗ 17ರಿಂದ 18 ಸಾವಿರ ರೂಪಾಯಿ ಆಸುಪಾಸಿನ ಶುಲ್ಕವಿದೆ. 2023ರ ಕೊನೆಯ ಹೊತ್ತಿಗೆ ತಿಪಟೂರು ಎಪಿಎಂಸಿಯಲ್ಲಿ ಉಂಡೆ ಕೊಬ್ಬರಿಯ ದರ ಕ್ವಿಂಟಲಿಗೆ 8 ಸಾವಿರದ ಅಕ್ಕಪಕ್ಕ ಬಿದ್ದಿತ್ತು. ಕೇಂದ್ರ ಸರ್ಕಾರದ ಬೆಂಬಲ ಬೆಲೆ ಆ ವರ್ಷ 11,750 ಇದ್ದರೂ ಆ ಹೊತ್ತಿಗೆ ಮಾರುಕಟ್ಟೆ ದರ ಅದಕ್ಕಿಂತ ಬಹಳ ಕೆಳಗಿತ್ತು. ಆ ವರ್ಷ ಮಗನನ್ನು ಒಂದು ಪರೀಕ್ಷೆಗೆ ಕೂರಿಸಲು ಸುಮಾರು ಎರಡು ಕ್ವಿಂಟಲ್ ಕೊಬ್ಬರಿ ಬೇಕಾಯಿತು. 2025ರಲ್ಲಿ ದರ 25 ಸಾವಿರ ದಾಟಿದಾಗ ಅದೇ ಪರೀಕ್ಷೆ ಮುಕ್ಕಾಲು ಕ್ವಿಂಟಲಿಗೆ ಬಂತು. ಕಾಯಿ ಅಟ್ಟದ ಮೇಲೆ ಹತ್ತು ಹನ್ನೊಂದು ತಿಂಗಳು ಕೂತು ಕೊಬ್ಬರಿಯಾಗುತ್ತದೆ. ಅಂಥ ದುಡ್ಡನ್ನು ಬೇಡದ ಪರೀಕ್ಷೆಗೆ ಕಟ್ಟುವುದು, ಒಂದು ಸಲ ತಪ್ಪಿ ಮತ್ತೊಂದು ಸಲ ಕಟ್ಟುವುದು ಸಣ್ಣ ನಷ್ಟವಲ್ಲ. ಕೋಚಿಂಗ್ ಫೀಸು, ಬೆಂಗಳೂರಿಗೆ ಹೋಗಿಬರುವ ಖರ್ಚು, ಹಿಂದಿನ ರಾತ್ರಿ ಉಳಿಯುವ ಖರ್ಚು ಇದರ ಮೇಲೆ.

ಈ ಪರೀಕ್ಷೆಗಳು ಹುಟ್ಟಿದ ಬಗೆಯನ್ನೂ ಸ್ವಲ್ಪ ತಿಳಿದಿರುವುದು ಒಳ್ಳೆಯದು. ಕೇಂಬ್ರಿಜ್ ವಿಶ್ವವಿದ್ಯಾಲಯ ಪರಭಾಷಿಕರ ಇಂಗ್ಲಿಷನ್ನು ಅಳೆಯುವ ಪರೀಕ್ಷೆ ಶುರು ಮಾಡಿದ್ದು 1913ರಲ್ಲಿ. ಆ ಸಲ ಕೂತವರು ಮೂವರು, ಪರೀಕ್ಷೆ ನಡೆದದ್ದು 12 ಗಂಟೆ, ಮೂವರೂ ಫೇಲಾದರು. ಅಮೆರಿಕದ ವಿಶ್ವವಿದ್ಯಾಲಯಗಳಿಗೆಂದು ಟೋಫೆಲ್ ಬಂದದ್ದು 1964ರಲ್ಲಿ. ಬ್ರಿಟಿಷ್ ಕೌನ್ಸಿಲ್, ಆಸ್ಟ್ರೇಲಿಯಾದ ಐಡಿಪಿ ಮತ್ತು ಕೇಂಬ್ರಿಜ್ ಸೇರಿ ಐಇಎಲ್‌ಟಿಎಸ್ ತಂದದ್ದು 1989ರಲ್ಲಿ. ಪಿಯರ್ಸನ್ ಕಂಪನಿಯ ಪಿಟಿಇ ಅಕಾಡೆಮಿಕ್ 2009ರದು, ಮನೆಯಲ್ಲೇ ಕೂತು ಬರೆಯುವ ಡುಯೊಲಿಂಗೊ ಪರೀಕ್ಷೆ ಕಳೆದ ಹತ್ತು ಹನ್ನೆರಡು ವರ್ಷಗಳಲ್ಲಿ ಬೆಳೆದದ್ದು. ಭಾರತದಲ್ಲಿ 2021ರ ತನಕ ಬ್ರಿಟಿಷ್ ಕೌನ್ಸಿಲ್ಲೂ ಐಡಿಪಿಯೂ ಬೇರೆ ಬೇರೆಯಾಗಿ ಐಇಎಲ್‌ಟಿಎಸ್ ನಡೆಸುತ್ತಿದ್ದವು; ಆ ವರ್ಷ ಬ್ರಿಟಿಷ್ ಕೌನ್ಸಿಲ್ ತನ್ನ ಭಾರತದ ಐಇಎಲ್‌ಟಿಎಸ್ ವ್ಯವಹಾರವನ್ನು ಐಡಿಪಿಗೆ ಮಾರಿತು. 'ಇವರ ಹತ್ತಿರ ಬರೆದರೆ ಸುಲಭ, ಅವರ ಹತ್ತಿರ ಕಷ್ಟ' ಎನ್ನುವ ಹಳೆಯ ಮಾತಿಗೆ ಇವತ್ತು ಅರ್ಥವಿಲ್ಲ.

ಐಇಎಲ್‌ಟಿಎಸ್ ನಮ್ಮ ಕಡೆ ಹೆಚ್ಚು ಗೊತ್ತಿರುವ ಹೆಸರು. ಅದರಲ್ಲಿ ಎರಡು ಬಗೆ: ಅಕಾಡೆಮಿಕ್ ಮತ್ತು ಜನರಲ್ ಟ್ರೈನಿಂಗ್. ವಿಶ್ವವಿದ್ಯಾಲಯದ ಸೀಟಿಗೆ ಬೇಕಾದದ್ದು ಅಕಾಡೆಮಿಕ್. ಜನರಲ್ ಇರುವುದು ಹೆಚ್ಚಾಗಿ ವಲಸೆಗೆ, ಕೆಲಸಕ್ಕೆ. ಅರ್ಜಿ ತುಂಬುವಾಗ ಇಲ್ಲೇ ಎಡವಿ ಪೂರ್ತಿ ಶುಲ್ಕ ಕಳೆದುಕೊಳ್ಳಬಾರದು. ಕೇಳುವುದು 30 ನಿಮಿಷ, ಓದುವುದು 60, ಬರೆಯುವುದು 60, ಮಾತಾಡುವುದು 11ರಿಂದ 14 ನಿಮಿಷ. ಮಾತಿನ ಭಾಗದಲ್ಲಿ ಎದುರಿಗೆ, ಇಲ್ಲವೇ ವೀಡಿಯೊದಲ್ಲಿ, ಒಬ್ಬ ಮನುಷ್ಯ ಕೂತಿರುತ್ತಾರೆ. ಪ್ರಶ್ನೆ ಅರ್ಥವಾಗದಿದ್ದರೆ ಇನ್ನೊಮ್ಮೆ ಹೇಳಿ ಎಂದು ಕೇಳಬಹುದು. ಯಂತ್ರಕ್ಕಿಂತ ಮನುಷ್ಯರ ಮುಂದೆ ಮಾತು ಬರುವ ಮಕ್ಕಳಿಗೆ ಇದು ಅನುಕೂಲ. ಹೊಸಬರ ಮುಖ ಕಂಡರೆ ಗಂಟಲು ಕಟ್ಟುವ ಮಕ್ಕಳಿಗೆ ಇದೇ ಕಷ್ಟ.

ಅಂಕದ ಲೆಕ್ಕ 0ಯಿಂದ 9ರ ತನಕದ ಬ್ಯಾಂಡು. ಈ ಲೆಕ್ಕವನ್ನು ಪೋಷಕರು ಸರಿಯಾಗಿ ಅರ್ಥ ಮಾಡಿಕೊಳ್ಳಬೇಕು, ಯಾಕೆಂದರೆ ಬಹಳ ಅರ್ಜಿಗಳು ಬಿದ್ದುಹೋಗುವುದು ಇಲ್ಲೇ. ಒಬ್ಬ ಹುಡುಗನಿಗೆ ಕೇಳುವುದರಲ್ಲಿ 7, ಓದುವುದರಲ್ಲಿ 6.5, ಬರೆಯುವುದರಲ್ಲಿ 5.5, ಮಾತಿನಲ್ಲಿ 6 ಬಂತು ಎನ್ನಿ. ಕೂಡಿದರೆ 25, ನಾಲ್ಕರಿಂದ ಭಾಗಿಸಿದರೆ 6.25. ಐಇಎಲ್‌ಟಿಎಸ್ ಅದನ್ನು ಮೇಲಕ್ಕೆ ಏರಿಸಿ 6.5 ಎಂದು ಕೊಡುತ್ತದೆ. ಮನೆಯಲ್ಲಿ ಸಂತೋಷ. ಆದರೆ ವಿಶ್ವವಿದ್ಯಾಲಯದ ಷರತ್ತು 'ಒಟ್ಟು 6.5, ಯಾವ ಭಾಗವೂ 6ಕ್ಕಿಂತ ಕಡಿಮೆ ಇರಬಾರದು' ಎಂದಿದ್ದರೆ ಬರವಣಿಗೆಯ 5.5 ಆ ಸೀಟನ್ನು ತಪ್ಪಿಸುತ್ತದೆ. ಜಾಹೀರಾತಿನ ಫಲಕಗಳಲ್ಲಿ ಕಾಣುವುದು ಒಟ್ಟು ಅಂಕ ಮಾತ್ರ. ಪ್ರವೇಶ ವಿಭಾಗದವರು ನೋಡುವುದು ಭಾಗವಾರು ಅಂಕವನ್ನೂ. ಹೀಗಾದವರಿಗೆಂದು ಈಗ ಕಂಪ್ಯೂಟರಿನಲ್ಲಿ ಬರೆದವರು 60 ದಿನದೊಳಗೆ ಒಂದೇ ಒಂದು ಭಾಗವನ್ನು ಮತ್ತೆ ಬರೆಯುವ ಸೌಲಭ್ಯ ಬಂದಿದೆ. ಎಲ್ಲ ವಿಶ್ವವಿದ್ಯಾಲಯಗಳೂ ಅದನ್ನು ಒಪ್ಪುವುದಿಲ್ಲವಾದ್ದರಿಂದ ಅವರಿಗೆ ಮೊದಲು ಇಮೇಲ್ ಬರೆದು ಕೇಳಬೇಕು, ಆಮೇಲೆ ದುಡ್ಡು ಕಟ್ಟಬೇಕು.

ಟೋಫೆಲ್ ಪೂರ್ತಿ ಕಂಪ್ಯೂಟರಿನ ಪರೀಕ್ಷೆ. ಮಾತನ್ನೂ ಮೈಕಿಗೇ ಆಡಬೇಕು. 2005ರಲ್ಲಿ ಇಂಟರ್ನೆಟ್ ಮೂಲಕ ಶುರುವಾದ ರೂಪದಲ್ಲಿ ಅದಕ್ಕೆ 120 ಅಂಕ. ಮೂರು ಗಂಟೆಯಿದ್ದದ್ದು 2023ರ ಜುಲೈಯಲ್ಲಿ ಎರಡು ಗಂಟೆಗೆ ಇಳಿಯಿತು. 2026ರ ಜನವರಿ 21ರಿಂದ ಮತ್ತೊಮ್ಮೆ ಬದಲಾಗಿದೆ: ಓದುವ, ಕೇಳುವ ಭಾಗಗಳಲ್ಲಿ ನೀವು ಕೊಟ್ಟ ಉತ್ತರಕ್ಕೆ ತಕ್ಕಂತೆ ಮುಂದಿನ ಪ್ರಶ್ನೆಗಳ ಮಟ್ಟ ಏರುತ್ತದೆ ಅಥವಾ ಇಳಿಯುತ್ತದೆ, ಅಂಕ 1ರಿಂದ 6ರ ತನಕದ ಹೊಸ ಲೆಕ್ಕದಲ್ಲಿ ಬರುತ್ತದೆ. ಸದ್ಯಕ್ಕೆ ಹಳೆಯ 120ಕ್ಕೆ ಹೊಂದುವ ಅಂಕವನ್ನೂ ಜೊತೆಗೆ ತೋರಿಸುತ್ತಾರೆ. ನಮ್ಮಲ್ಲಿ ಸೀನಿಯರುಗಳ ಪುಸ್ತಕ ತಂದು ಓದುವ ರೂಢಿ ಇದೆ, ಒಳ್ಳೆಯ ರೂಢಿಯೇ. ಟೋಫೆಲ್ ಮಟ್ಟಿಗೆ ಮಾತ್ರ 2026ರ ಹಿಂದಿನ ರೂಪದ ಪುಸ್ತಕ ಹಿಡಿದು ಕೂತರೆ ಬೇರೆಯೇ ಪರೀಕ್ಷೆಗೆ ತಯಾರಾದಂತೆ.

ಪಿಟಿಇ ಅಕಾಡೆಮಿಕ್ 10ರಿಂದ 90ರ ಲೆಕ್ಕದ್ದು. ಸುಮಾರು ಎರಡು ಗಂಟೆ, ಫಲಿತಾಂಶ ಬಹುತೇಕ ಎರಡು ದಿನದಲ್ಲಿ. ಮುಖ್ಯವಾಗಿ ಮೌಲ್ಯಮಾಪನ ಮಾಡುವುದು ಕಂಪ್ಯೂಟರ್. ಪರದೆಯ ಮೇಲಿನ ಸಾಲುಗಳನ್ನು ಗಟ್ಟಿಯಾಗಿ ಓದುವುದು, ಕೇಳಿದ ವಾಕ್ಯವನ್ನು ಹಾಗೆಯೇ ಹೇಳುವುದು, ಚಿತ್ರ ಅಥವಾ ನಕ್ಷೆಯನ್ನು ವಿವರಿಸುವುದು, ಹೀಗೆ ಚಿಕ್ಕ ಚಿಕ್ಕ ಕೆಲಸಗಳು. ಒಂದೇ ಕೆಲಸದ ಅಂಕ ಎರಡು ಭಾಗಕ್ಕೆ ಹೋಗುವುದೂ ಉಂಟು. ತಡವರಿಸದೆ ಒಂದೇ ವೇಗದಲ್ಲಿ ಮಾತಾಡುವವರಿಗೆ, ಟೈಪಿಂಗ್ ಚೆನ್ನಾಗಿ ಬರುವವರಿಗೆ ಇದು ಹೊಂದುತ್ತದೆ. ಹಾಲ್‌ನಲ್ಲಿ ಪಕ್ಕದವರೂ ಅದೇ ಹೊತ್ತಿಗೆ ಮೈಕಿಗೆ ಮಾತಾಡುತ್ತಿರುತ್ತಾರೆ. ಸದ್ದಿಲ್ಲದ ತೋಟದ ಮನೆಯಲ್ಲಿ ಓದಿ ಅಭ್ಯಾಸವಾದ ಮಗು ಒಂದೆರಡು ಸಲ ಬಸ್ ಸ್ಟ್ಯಾಂಡಿನ ಗಲಾಟೆಯಲ್ಲಿ ಇಯರ್‌ಫೋನ್ ಹಾಕಿಕೊಂಡು ಅಭ್ಯಾಸ ಮಾಡಿದರೆ ಪರೀಕ್ಷೆಯ ದಿನ ಗಾಬರಿಯಾಗುವುದಿಲ್ಲ. 'ಪಿಟಿಇ ಮಿಷಿನ್ನು, ಆದ್ದರಿಂದ ಸುಲಭ' ಎಂಬ ಮಾತು ಕೋಚಿಂಗ್ ವಲಯದಲ್ಲಿ ಬಹಳ ಓಡಾಡುತ್ತದೆ. ಯಂತ್ರ ಕನಿಕರ ತೋರಿಸುವುದಿಲ್ಲ, ಪಕ್ಷಪಾತವನ್ನೂ ಮಾಡುವುದಿಲ್ಲ. ಬಾಯಿಪಾಠದ ಮಾದರಿ ಉತ್ತರಗಳನ್ನು ಹಿಡಿಯುವ ಕೆಲಸವನ್ನು ಪಿಯರ್ಸನ್ ವರ್ಷ ವರ್ಷವೂ ಬಿಗಿ ಮಾಡುತ್ತಲೇ ಇದೆ.

ಡುಯೊಲಿಂಗೊ ಕಡಿಮೆ ಖರ್ಚಿನದು, ಸುಮಾರು 70 ಡಾಲರ್, ಅಂದರೆ 6 ಸಾವಿರದ ಆಸುಪಾಸು. ಮನೆಯಲ್ಲೇ ಲ್ಯಾಪ್‌ಟಾಪ್ ಮುಂದೆ ಕೂತು ಒಂದು ಗಂಟೆಯಲ್ಲಿ ಮುಗಿಸಬಹುದು, ಎರಡು ದಿನದಲ್ಲಿ ಅಂಕ ಬರುತ್ತದೆ, ಎಷ್ಟು ವಿಶ್ವವಿದ್ಯಾಲಯಕ್ಕೆ ಬೇಕಾದರೂ ಉಚಿತವಾಗಿ ಕಳಿಸಬಹುದು. ಅಮೆರಿಕದ ಬಹಳಷ್ಟು ವಿಶ್ವವಿದ್ಯಾಲಯಗಳು, ಐರ್ಲೆಂಡಿನ ಹಲವು ಇದನ್ನು ಒಪ್ಪುತ್ತವೆ. ಬೆಂಗಳೂರಿಗೆ ಹೋಗಿಬರುವ ತೊಂದರೆಯೂ ಇಲ್ಲ. ಹಾಗಾದರೆ ನಮ್ಮ ಹಳ್ಳಿಗಳಿಗೆ ಇದೇ ಸರಿ ಎನ್ನಿಸುತ್ತದೆ. ಆದರೆ ಪರೀಕ್ಷೆಯ ಪೂರ್ತಿ ಹೊತ್ತು ಕ್ಯಾಮೆರಾ ನೋಡುತ್ತಿರುತ್ತದೆ. ಕೋಣೆಗೆ ಯಾರೂ ಬರಬಾರದು, ಕಣ್ಣು ಪರದೆ ಬಿಟ್ಟು ಅತ್ತಿತ್ತ ಹೋಗಬಾರದು, ಇಂಟರ್ನೆಟ್ ಕಡಿಯಬಾರದು. ಮಧ್ಯಾಹ್ನ ಕರೆಂಟು ಹೋಗುವ ಹಳ್ಳಿಯಲ್ಲಿ, ನೆಂಟರು ಬಾಗಿಲು ತಟ್ಟದೆ ಒಳಬರುವ ಮನೆಯಲ್ಲಿ ಒಂದು ಗಂಟೆಯ ಅಂಥ ಏಕಾಂತವನ್ನು ಮೊದಲೇ ಏರ್ಪಾಡು ಮಾಡಿಕೊಳ್ಳಬೇಕಾಗುತ್ತದೆ. ಇನ್ನೊಂದು, ಇದಕ್ಕಿಂತ ಮುಖ್ಯವಾದದ್ದು: ಆಸ್ಟ್ರೇಲಿಯಾದ ವೀಸಾಕ್ಕೆ ಮನೆಯಲ್ಲಿ ಬರೆದ ಯಾವ ಪರೀಕ್ಷೆಯೂ ನಡೆಯುವುದಿಲ್ಲ, ಡುಯೊಲಿಂಗೊ ಅಂತೂ ಇಲ್ಲವೇ ಇಲ್ಲ. ಬ್ರಿಟನ್ನಿನ ವೀಸಾ ಇಲಾಖೆಯ ಮಾನ್ಯ ಪಟ್ಟಿಯಲ್ಲೂ ಅದಿಲ್ಲ.

ಜಿಆರ್‌ಇ ಎಂಬುದು ಈ ಸಾಲಿಗೆ ಸೇರಿದ್ದಲ್ಲ. ಅದು ಸ್ನಾತಕೋತ್ತರ ಪ್ರವೇಶದ ಅರ್ಹತಾ ಪರೀಕ್ಷೆ. ಭಾರತದಲ್ಲೇ ಓದುವವರಿಗೆ ಇವುಗಳಲ್ಲಿ ಯಾವುದೂ ಬೇಡ. ಕೇಂದ್ರೀಯ ವಿಶ್ವವಿದ್ಯಾಲಯಗಳ ಪದವಿ ಪ್ರವೇಶಕ್ಕೆ 2022ರಿಂದ ನಡೆಯುತ್ತಿರುವ ಸಿಯುಇಟಿಯನ್ನು ಕನ್ನಡದಲ್ಲೂ ಬರೆಯಬಹುದು.

ಪರೀಕ್ಷೆಯ ಆಯ್ಕೆಯನ್ನು ನಿಜವಾಗಿ ನಿರ್ಧರಿಸುವವರು ಇಬ್ಬರು: ವಿಶ್ವವಿದ್ಯಾಲಯ ಮತ್ತು ವೀಸಾ ಇಲಾಖೆ. ಇಬ್ಬರ ಕಾನೂನೂ ಒಂದೇ ಇರಬೇಕೆಂದಿಲ್ಲ. ಅಮೆರಿಕದಲ್ಲಿ ವಿದ್ಯಾರ್ಥಿ ವೀಸಾಕ್ಕೆ ಇಂಥದ್ದೇ ಪರೀಕ್ಷೆ ಆಗಬೇಕೆಂಬ ನಿಯಮವಿಲ್ಲ, ಕೇಳುವುದು ವಿಶ್ವವಿದ್ಯಾಲಯ. ಹಾಗೆಂದು ದೂತಾವಾಸದ ಕಿಟಕಿಯಲ್ಲಿ ಇಂಗ್ಲಿಷಿನಲ್ಲಿ ಎರಡು ಮಾತಾಡಲು ಬಾರದಿದ್ದರೆ ಯಾವ ಅಂಕಪಟ್ಟಿಯೂ ಕಾಪಾಡುವುದಿಲ್ಲ. ಆಸ್ಟ್ರೇಲಿಯಾ 2024ರ ಮಾರ್ಚ್ 23ರಿಂದ ವಿದ್ಯಾರ್ಥಿ ವೀಸಾದ ಐಇಎಲ್‌ಟಿಎಸ್ ಮಟ್ಟವನ್ನು 5.5ರಿಂದ 6ಕ್ಕೆ ಏರಿಸಿತು. ಅದೇ ದೇಶ 2023ರ ಜುಲೈಯಲ್ಲಿ ಟೋಫೆಲನ್ನು ವೀಸಾಕ್ಕೆ ಒಪ್ಪುವುದನ್ನು ನಿಲ್ಲಿಸಿ, 2024ರ ಮೇಯಲ್ಲಿ ಮತ್ತೆ ಒಪ್ಪಿತು. ಆ ನಡುವೆ ಹಳೆಯ ಮಾಹಿತಿ ನಂಬಿ ಟೋಫೆಲ್ ಬರೆದವರಿಗೆ ಅದು ವೀಸಾಕ್ಕೆ ಉಪಯೋಗಕ್ಕೆ ಬರಲಿಲ್ಲ.

ಕೆನಡಾದ ಕತೆ ಇನ್ನೂ ಬೇಗ ಬದಲಾಗಿದೆ. ಬೇಗ ವೀಸಾ ಕೊಡುವ ಎಸ್‌ಡಿಎಸ್ ಎಂಬ ಯೋಜನೆ 2018ರಲ್ಲಿ ಬಂತು. 2023ರ ಆಗಸ್ಟ್ ತನಕ ನಮ್ಮ ವಿದ್ಯಾರ್ಥಿಗಳಿಗೆ ಅದರಲ್ಲಿ ಇಂಗ್ಲಿಷಿಗೆ ಐಇಎಲ್‌ಟಿಎಸ್ ಒಂದೇ ದಾರಿಯಿತ್ತು, ಆಮೇಲೆ ಟೋಫೆಲ್, ಪಿಟಿಇ ಸೇರಿದವು, 2024ರ ನವೆಂಬರ್ 8ಕ್ಕೆ ಯೋಜನೆಯೇ ಮುಗಿಯಿತು. ಈಗಲೂ 'ಎಸ್‌ಡಿಎಸ್‌ನಲ್ಲಿ ಕಳಿಸ್ತೀವಿ' ಎನ್ನುವ ಏಜೆಂಟ್ ಸಿಕ್ಕರೆ ಅವರ ಮಿಕ್ಕ ಮಾತನ್ನೂ ನಂಬಬೇಕಾಗಿಲ್ಲ. ಜರ್ಮನಿಯಲ್ಲಿ ಇಂಗ್ಲಿಷ್ ಮಾಧ್ಯಮದ ಎಂಎಸ್ ಕೋರ್ಸುಗಳು ಸಾಮಾನ್ಯವಾಗಿ ಐಇಎಲ್‌ಟಿಎಸ್ ಅಥವಾ ಟೋಫೆಲ್ ಕೇಳುತ್ತವೆ. ಜರ್ಮನ್ ಮಾಧ್ಯಮಕ್ಕೆ ಟೆಸ್ಟ್‌ಡಾಫ್‌ನಂಥ ಜರ್ಮನ್ ಭಾಷೆಯ ಪರೀಕ್ಷೆ ಬೇಕು. 2022ರ ನವೆಂಬರಿನಿಂದ ಭಾರತದ ವಿದ್ಯಾರ್ಥಿಗಳಿಗೆ ಓದಿನ ದಾಖಲೆಗಳನ್ನು ಪರಿಶೀಲಿಸಿ ಕೊಡುವ ಎಪಿಎಸ್ ಪ್ರಮಾಣಪತ್ರವೂ ಕಡ್ಡಾಯ. ಅಲ್ಲಿನ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಬಹುಪಾಲು ಬೋಧನಾ ಶುಲ್ಕವಿಲ್ಲ, ಬಾಡೆನ್-ವ್ಯುರ್ಟೆಂಬರ್ಗ್ ರಾಜ್ಯದಂಥ ಕೆಲವು ಕಡೆ ಬಿಟ್ಟು. ತೋಟದ ಆದಾಯದ ಮೇಲೆ ನಿಂತ ಮನೆಗಳು ಆ ದೇಶವನ್ನು ಗಂಭೀರವಾಗಿ ನೋಡಬೇಕು. ಬೆಂಗಳೂರಿನ ಮ್ಯಾಕ್ಸ್ ಮುಲ್ಲರ್ ಭವನದಲ್ಲಿ ಜರ್ಮನ್ ತರಗತಿಗಳಿವೆ. ಇಂಗ್ಲಿಷ್ ಮಾಧ್ಯಮದ ಕೋರ್ಸಿಗೆ ಹೋದರೂ ಅಲ್ಲಿನ ಬದುಕಿಗೆ, ಆಮೇಲಿನ ಕೆಲಸಕ್ಕೆ ಜರ್ಮನ್ ಬೇಕೇ ಬೇಕು.

ಬ್ರಿಟನ್ನಿನ ವಿಷಯದಲ್ಲಿ ನಮ್ಮವರಿಗೆ ಹೆಚ್ಚು ತಿಳಿಯದ ಒಂದು ಅನುಕೂಲವಿದೆ. ಪದವಿ ಮತ್ತು ಅದರ ಮೇಲಿನ ಕೋರ್ಸುಗಳಿಗೆ ಅಲ್ಲಿನ ವಿಶ್ವವಿದ್ಯಾಲಯಗಳೇ ವಿದ್ಯಾರ್ಥಿಯ ಇಂಗ್ಲಿಷನ್ನು ಅಳೆದು ಒಪ್ಪಬಹುದು. ಹೀಗಾಗಿ ಹಲವು ವಿಶ್ವವಿದ್ಯಾಲಯಗಳು 12ನೆಯ ತರಗತಿಯ ಇಂಗ್ಲಿಷ್ ಅಂಕವನ್ನೇ ಸಾಕು ಎನ್ನುತ್ತವೆ. ಸಿಬಿಎಸ್‌ಇ, ಐಎಸ್‌ಸಿಗೆ ಒಂದು ಮಟ್ಟ, ರಾಜ್ಯ ಬೋರ್ಡುಗಳಿಗೆ ಅದಕ್ಕಿಂತ ಹೆಚ್ಚಿನ ಮಟ್ಟ. ಯಾವ ರಾಜ್ಯದ ಬೋರ್ಡು ನಡೆಯುತ್ತದೆ ಎಂಬ ಪಟ್ಟಿಯೂ ಪ್ರತಿ ವಿಶ್ವವಿದ್ಯಾಲಯದ್ದೂ ಬೇರೆ. ನಮ್ಮ ಪಿಯು ಇಂಗ್ಲಿಷಿನಲ್ಲಿ ಒಳ್ಳೆಯ ಅಂಕ ತೆಗೆದ ಹುಡುಗಿಗೆ ಆ ಪಟ್ಟಿಯಲ್ಲಿ ಕರ್ನಾಟಕ ಕಂಡರೆ 18 ಸಾವಿರ ಉಳಿಯಿತು. ಪದವಿಗಿಂತ ಕೆಳಗಿನ ಫೌಂಡೇಶನ್ ಕೋರ್ಸಾದರೆ ಈ ವಿನಾಯಿತಿ ಇಲ್ಲ. ಆಗ ವೀಸಾ ಇಲಾಖೆ ಒಪ್ಪಿದ ಪರೀಕ್ಷೆಯೇ ಬೇಕು, ಅದೂ 'ಯುಕೆವಿಐ' ಎಂದು ಹೆಸರಿರುವ ಐಇಎಲ್‌ಟಿಎಸ್ ಅಥವಾ ಪಿಟಿಇಯಂಥದ್ದು.

ಇನ್ನೊಂದು ವಿನಾಯಿತಿ ಬೋಧನಾ ಮಾಧ್ಯಮದ ಪತ್ರ. ವಿಟಿಯು ಅಡಿಯಲ್ಲಿ ಎಂಜಿನಿಯರಿಂಗ್ ಓದಿದವರು, ತುಮಕೂರು ವಿಶ್ವವಿದ್ಯಾಲಯದಲ್ಲಿ ಇಂಗ್ಲಿಷ್ ಮಾಧ್ಯಮದಲ್ಲಿ ಪದವಿ ಮಾಡಿದವರು 'ಇಂಗ್ಲಿಷಿನಲ್ಲೇ ಓದಿದ್ದಾರೆ' ಎಂದು ಕಾಲೇಜಿನಿಂದ ಪತ್ರ ಪಡೆದು ಕೊಡಬಹುದು. ಅಮೆರಿಕ, ಬ್ರಿಟನ್, ಜರ್ಮನಿಯ ಕೆಲವು ವಿಶ್ವವಿದ್ಯಾಲಯಗಳು ಇದನ್ನು ಒಪ್ಪುತ್ತವೆ. ಕೇಳುವುದಕ್ಕೆ ಒಂದು ಇಮೇಲ್ ಸಾಕು. ನಮ್ಮ ಮಕ್ಕಳು ಆ ಇಮೇಲ್ ಬರೆಯಲು ಹಿಂಜರಿಯುತ್ತಾರೆ, ದೊಡ್ಡ ವಿಶ್ವವಿದ್ಯಾಲಯದವರು ತಮಗೆ ಉತ್ತರ ಕೊಟ್ಟಾರೆಯೇ ಎಂದು. ಕೊಡುತ್ತಾರೆ. ಪ್ರವೇಶ ವಿಭಾಗ ಇರುವುದೇ ಅದಕ್ಕೆ.

ಈಗ ನಿಜವಾದ ಕಷ್ಟದ ಮಾತು. ಈ ಮೂರು ತಾಲ್ಲೂಕುಗಳ ಬಹುಪಾಲು ಮಕ್ಕಳು ಹತ್ತನೆಯ ತರಗತಿ ತನಕ ಕನ್ನಡ ಮಾಧ್ಯಮದಲ್ಲಿ, ಇಲ್ಲವೇ ಹೆಸರಿಗೆ ಮಾತ್ರ ಇಂಗ್ಲಿಷ್ ಆದ ಮಾಧ್ಯಮದಲ್ಲಿ ಓದಿದವರು. ಎಸ್‌ಎಸ್‌ಎಲ್‌ಸಿಯಲ್ಲಿ ಪ್ರಥಮ ಭಾಷೆ ಕನ್ನಡಕ್ಕೆ 125 ಅಂಕ, ದ್ವಿತೀಯ ಭಾಷೆ ಇಂಗ್ಲಿಷಿಗೆ 100. ಆ 100ರಲ್ಲಿ 95 ತೆಗೆದ ಮಗುವಿನ ಬಾಯಿಂದ ಇಂಗ್ಲಿಷಿನ ಒಂದು ಮಾತನ್ನೂ ಆ ಪರೀಕ್ಷೆ ಹೊರಡಿಸಿರುವುದಿಲ್ಲ. ಪಿಯು ವಿಜ್ಞಾನಕ್ಕೆ ಬಂದೊಡನೆ ಭೌತಶಾಸ್ತ್ರ, ಗಣಿತ ಇಂಗ್ಲಿಷಿಗೆ ತಿರುಗುತ್ತವೆ; ಮಕ್ಕಳು ಪದಗಳನ್ನು ಕಲಿಯುತ್ತಾರೆ, ವಾಕ್ಯಗಳನ್ನು ಕಲಿಯುವುದಿಲ್ಲ. ಎಂಜಿನಿಯರಿಂಗ್ ಮುಗಿಯುವ ಹೊತ್ತಿಗೆ ಇಂಗ್ಲಿಷ್ ಪುಸ್ತಕ ಓದಿ ಅರ್ಥ ಮಾಡಿಕೊಳ್ಳುವ ಶಕ್ತಿ ಬಂದಿರುತ್ತದೆ, ಆದರೆ ಎರಡು ನಿಮಿಷ ಒಂದೇ ವಿಷಯದ ಮೇಲೆ ನಿಲ್ಲದೆ ಮಾತಾಡುವ, 250 ಪದಗಳ ಪ್ರಬಂಧವನ್ನು 40 ನಿಮಿಷದಲ್ಲಿ ಬರೆಯುವ ರೂಢಿ ಆಗಿರುವುದಿಲ್ಲ. ಐಇಎಲ್‌ಟಿಎಸ್, ಟೋಫೆಲ್, ಪಿಟಿಇ ಮೂರೂ ಅಳೆಯುವುದು ಈ ರೂಢಿಯನ್ನೇ. ಯಾವುದನ್ನು ಆರಿಸಿಕೊಂಡರೂ ಈ ಕೊರತೆ ಎದುರಿಗೆ ಬಂದು ನಿಲ್ಲುತ್ತದೆ. ಅದಕ್ಕೇ ಮೊದಲ ಕೆಲಸ ಪರೀಕ್ಷೆಯ ಆಯ್ಕೆಯಲ್ಲ ಎನ್ನುವುದು.

ಉಚ್ಚಾರಣೆಯ ಬಗ್ಗೆ ನಮ್ಮ ಮಕ್ಕಳಿಗೆ ಅನಗತ್ಯವಾದ ನಾಚಿಕೆಯಿದೆ. ಐಇಎಲ್‌ಟಿಎಸ್ ಮಾತಿನ ಅಂಕವನ್ನು ನಾಲ್ಕು ಪಾಲು ಮಾಡುತ್ತದೆ: ಸರಾಗ ಮತ್ತು ಹೊಂದಾಣಿಕೆ, ಪದಸಂಪತ್ತು, ವ್ಯಾಕರಣ, ಉಚ್ಚಾರಣೆ. ಉಚ್ಚಾರಣೆಗೆ ಕಾಲು ಪಾಲು ಮಾತ್ರ, ಅಲ್ಲೂ ನೋಡುವುದು ಕೇಳಿದವರಿಗೆ ತಿಳಿಯಿತೇ ಎಂಬುದನ್ನು. ಲಂಡನ್ನಿನವರಂತೆ ಮಾತಾಡಬೇಕೆಂದು ಯಾರೂ ಕೇಳುವುದಿಲ್ಲ. ತಿಪಟೂರಿನ ಕನ್ನಡದ ದನಿ ಇಂಗ್ಲಿಷಿನಲ್ಲಿ ಕೇಳಿಸಿದರೆ ಅಂಕ ಹೋಗುವುದಿಲ್ಲ; ಮಾತು ಮಧ್ಯದಲ್ಲಿ ಮತ್ತೆ ಮತ್ತೆ ನಿಂತರೆ ಹೋಗುತ್ತದೆ, ಬಾಯಿಪಾಠ ಒಪ್ಪಿಸಿದರೆ ಹೋಗುತ್ತದೆ. ಕೋಚಿಂಗಿನಲ್ಲಿ ಕೊಡುವ ಸಿದ್ಧ ಉತ್ತರಗಳನ್ನು ಪರೀಕ್ಷಕರು ದಿನವೂ ಕೇಳಿರುತ್ತಾರೆ; ಎರಡನೆಯ ವಾಕ್ಯಕ್ಕೇ ಗುರುತು ಹಿಡಿಯುತ್ತಾರೆ.

ಅದರ ಬದಲು ಮನೆಯಲ್ಲಿ ದಿನವೂ ಕಾಣುವುದನ್ನು ಇಂಗ್ಲಿಷಿನಲ್ಲಿ ಹೇಳಿಸಿ. ಐಇಎಲ್‌ಟಿಎಸ್ ಬರವಣಿಗೆಯ ಮೊದಲ ಪ್ರಶ್ನೆಯಲ್ಲಿ ನಕ್ಷೆ, ಪಟ್ಟಿಗಳ ಜೊತೆ ಒಂದೊಂದು ಸಲ ಒಂದು ವಸ್ತು ತಯಾರಾಗುವ ಹಂತಗಳ ಚಿತ್ರವೂ ಬರುತ್ತದೆ. 150 ಪದಗಳಲ್ಲಿ ಹಂತ ಹಂತವಾಗಿ ವಿವರಿಸಬೇಕು. ಬಲಿತ ಕಾಯಿ ಇಳಿಸುವುದು, ಮಟ್ಟೆ ಸಮೇತ ಅಟ್ಟಕ್ಕೆ ಏರಿಸುವುದು, ತಿಂಗಳುಗಟ್ಟಲೆ ಬಿಟ್ಟು ಒಳಗಿನ ನೀರು ಆರುವುದು, ಗಿಟುಕು ಅಲುಗಾಡುವ ಸದ್ದು ಕೇಳಿಸುವುದು, ಸುಲಿಯುವುದು, ಚಿಪ್ಪು ಒಡೆಯುವುದು, ದಪ್ಪ ಸಣ್ಣ ಬೇರೆ ಮಾಡಿ ಚೀಲಕ್ಕೆ ತುಂಬಿ ಎಪಿಎಂಸಿ ಹರಾಜಿಗೆ ಒಯ್ಯುವುದು. ಈ ಕೆಲಸವನ್ನು ಹುಟ್ಟಿದಂದಿನಿಂದ ನೋಡಿದ ಹುಡುಗನಿಗೆ ವಿಷಯಕ್ಕೆ ತಡಕಾಡಬೇಕಾಗಿಲ್ಲ, ಪದ ಮತ್ತು ವಾಕ್ಯಕ್ಕೆ ಮಾತ್ರ ದುಡಿಯಬೇಕು. ಮಾತಿನ ಭಾಗದಲ್ಲಿ ಊರಿನ ಬಗ್ಗೆ, ಮನೆಯ ಹಿರಿಯರ ಬಗ್ಗೆ, ಬೆಲೆ ಏರಿಳಿತದ ಬಗ್ಗೆ ಕೇಳುವುದು ಸಾಮಾನ್ಯ. ಕೊಬ್ಬರಿ ಬೆಲೆ ಎರಡೇ ವರ್ಷದಲ್ಲಿ ಮೂರು ಪಟ್ಟಾದದ್ದನ್ನು ಸ್ವಂತ ಅನುಭವದಿಂದ ಹೇಳಬಲ್ಲ ಮಗುವಿಗೆ ಯಾವ ಗೈಡಿನ ಉತ್ತರವೂ ಬೇಕಾಗಿಲ್ಲ.

ಕನ್ನಡದಲ್ಲಿ ಬೇರೂರಿದವರಿಗೆ ಇಂಗ್ಲಿಷ್ ಬರುವುದಿಲ್ಲ ಎಂಬ ಭಯವನ್ನು ಈ ನೆಲವೇ ಸುಳ್ಳು ಮಾಡಿದೆ. ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ತೀರ್ಥಪುರದಲ್ಲಿ 1906ರಲ್ಲಿ ಹುಟ್ಟಿದ ತೀ.ನಂ. ಶ್ರೀಕಂಠಯ್ಯನವರು ಇಂಗ್ಲಿಷ್, ಕನ್ನಡ ಎರಡರಲ್ಲೂ ಎಂ.ಎ. ಮಾಡಿದವರು. 'ಭಾರತೀಯ ಕಾವ್ಯಮೀಮಾಂಸೆ'ಯಂಥ ಗ್ರಂಥವನ್ನು ಕನ್ನಡಕ್ಕೆ ಕೊಟ್ಟ ಆ ವಿದ್ವಾಂಸರಿಗೆ ಒಂದು ಭಾಷೆ ಇನ್ನೊಂದಕ್ಕೆ ಅಡ್ಡ ಬರಲಿಲ್ಲ.

ಕಾಗದಪತ್ರದ ವಿಷಯದಲ್ಲಿ ನಮ್ಮ ಸೀಮೆಗೆ ವಿಶೇಷವಾದ ಒಂದು ತೊಡಕಿದೆ: ಇನಿಷಿಯಲ್. ನಮ್ಮಲ್ಲಿ ಊರಿನ ಅಕ್ಷರ, ಅಪ್ಪನ ಅಕ್ಷರ ಹೆಸರಿನ ಹಿಂದೆಯೋ ಮುಂದೆಯೋ ಬರುತ್ತವೆ. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ಹೆಸರಿನ ಮುಂದೆ ಎರಡು ಅಕ್ಷರ, ಪದವಿ ಪ್ರಮಾಣಪತ್ರದಲ್ಲಿ ಹಿಂದೆ ಒಂದೇ ಅಕ್ಷರ, ಆಧಾರ್‌ನಲ್ಲಿ ಅಕ್ಷರವೇ ಇಲ್ಲ, ಪಾಸ್‌ಪೋರ್ಟಿನಲ್ಲಿ ಅದೇ ಅಕ್ಷರ ಬಿಡಿಸಿ ಅಪ್ಪನ ಪೂರ್ತಿ ಹೆಸರು. ಪರೀಕ್ಷೆಗೆ ನೋಂದಾಯಿಸುವಾಗ ಹೆಸರು ಪಾಸ್‌ಪೋರ್ಟಿನಲ್ಲಿ ಇದ್ದಂತೆಯೇ, ಒಂದಕ್ಷರ ಹೆಚ್ಚು ಕಡಿಮೆಯಿಲ್ಲದೆ ಇರಬೇಕು. ಕೇಂದ್ರದಲ್ಲಿ ಸಾಮಾನ್ಯವಾಗಿ ತೋರಿಸಬೇಕಾದದ್ದು ಅದೇ ಪಾಸ್‌ಪೋರ್ಟು. ಹೊಂದದಿದ್ದರೆ ಒಳಗೆ ಬಿಡದೆ ಕಳಿಸಬಹುದು, ಕಟ್ಟಿದ ದುಡ್ಡೂ ವಾಪಸು ಬರುವುದಿಲ್ಲ. ಆದ್ದರಿಂದ ಪಾಸ್‌ಪೋರ್ಟ್ ಮಾಡಿಸುವಾಗಲೇ ಮನೆಯವರೆಲ್ಲ ಕೂತು ಯಾವ ಹೆಸರು ಮುಂದೆ ಎಲ್ಲ ಕಡೆ ನಡೆಯಬೇಕು ಎಂದು ತೀರ್ಮಾನಿಸಿ, ಅಗತ್ಯವಿದ್ದರೆ ಅಫಿಡವಿಟ್ ಮಾಡಿಸಿ ಇಟ್ಟುಕೊಳ್ಳಿ. ಪಾಸ್‌ಪೋರ್ಟ್ ಇಲ್ಲದೆ ಪರೀಕ್ಷೆಯ ದಿನಾಂಕ ಗೊತ್ತು ಮಾಡಲು ಹೋಗಬೇಡಿ.

ಪರೀಕ್ಷೆ ಬರೆಯದೆಯೇ ಸರ್ಟಿಫಿಕೇಟ್ ಕೊಡಿಸುತ್ತೇವೆ ಎನ್ನುವವರು ಎಲ್ಲ ಕಡೆಯೂ ಇದ್ದಾರೆ. ವಿಶ್ವವಿದ್ಯಾಲಯಗಳು ಅಂಕವನ್ನು ಪರೀಕ್ಷಾ ಸಂಸ್ಥೆಯ ಜಾಲತಾಣದಲ್ಲೇ ಸರಿನೋಡುತ್ತವೆ. 2014ರಲ್ಲಿ ಬ್ರಿಟನ್ನಿನಲ್ಲಿ ಬಿಬಿಸಿಯ ಒಂದು ಕಾರ್ಯಕ್ರಮ ಟೊಯಿಕ್ ಎಂಬ ಇಂಗ್ಲಿಷ್ ಪರೀಕ್ಷೆಯಲ್ಲಿ ನಡೆದ ಮೋಸವನ್ನು ಬಯಲು ಮಾಡಿತು. ಆ ಮೇಲೆ ಸಾವಿರಾರು ವಿದೇಶಿ ವಿದ್ಯಾರ್ಥಿಗಳ ವೀಸಾ ರದ್ದಾಯಿತು. ಮೋಸ ಮಾಡದವರೂ ಅದರಲ್ಲಿ ಸಿಕ್ಕಿಬಿದ್ದು ವರ್ಷಗಟ್ಟಲೆ ನ್ಯಾಯಾಲಯ ಸುತ್ತಿದರು.

ಸಮಯದ ಲೆಕ್ಕ ಹೀಗೆ. ಅಂಕ ಎರಡು ವರ್ಷ ನಡೆಯುತ್ತದೆ. ಅಮೆರಿಕದ ಆಗಸ್ಟ್ ಪ್ರವೇಶಕ್ಕೆ ಅರ್ಜಿಯ ಗಡುವು ಬಹುಪಾಲು ಹಿಂದಿನ ಡಿಸೆಂಬರ್, ಜನವರಿಯಲ್ಲಿ ಬೀಳುತ್ತದೆ; ಜರ್ಮನಿಯ ಚಳಿಗಾಲದ ಪ್ರವೇಶಕ್ಕೆ ಹಲವು ಕಡೆ ಜುಲೈ 15. ಎಂಜಿನಿಯರಿಂಗ್ ಏಳನೆಯ ಸೆಮಿಸ್ಟರಿನ ಹೊತ್ತಿಗೆ ಪರೀಕ್ಷೆ ಬರೆಯಬೇಕೆಂದರೆ ಐದನೆಯ ಸೆಮಿಸ್ಟರಿನಿಂದಲೇ ಓದು, ಮಾತು, ಬರವಣಿಗೆ ಶುರುವಾಗಬೇಕು. ಅಭ್ಯಾಸದ ಮಾದರಿ ಪರೀಕ್ಷೆಗಳನ್ನು ಈ ಪರೀಕ್ಷಾ ಸಂಸ್ಥೆಗಳೇ ತಮ್ಮ ಜಾಲತಾಣದಲ್ಲಿ ಉಚಿತವಾಗಿ ಇಟ್ಟಿವೆ. ಐಇಎಲ್‌ಟಿಎಸ್ ಒಂದು, ಪಿಟಿಇ ಒಂದು, ಗಡಿಯಾರ ಇಟ್ಟುಕೊಂಡು ಬರೆದು ನೋಡಿದರೆ ಯಾವುದು ತನಗೆ ಹೊಂದುತ್ತದೆ ಎಂದು ಮಗುವಿಗೇ ತಿಳಿಯುತ್ತದೆ. ಆ ತಿಳಿವಳಿಕೆಯನ್ನು ಯಾವ ಏಜೆಂಟರೂ ಕೊಡಲಾರರು. ಪರಿಶಿಷ್ಟ ಜಾತಿ, ಪಂಗಡದ ವಿದ್ಯಾರ್ಥಿಗಳಿಗೆ ರಾಜ್ಯ ಸರ್ಕಾರದ ಪ್ರಬುದ್ಧ ಯೋಜನೆಯಡಿ ವಿದೇಶಿ ವ್ಯಾಸಂಗಕ್ಕೆ ನೆರವಿದೆ. ಸಮಾಜ ಕಲ್ಯಾಣ ಇಲಾಖೆಯಲ್ಲಿ ಆಯಾ ವರ್ಷದ ಷರತ್ತನ್ನು ವಿಚಾರಿಸಿದ ಮೇಲೆಯೇ ದೇಶ, ಕೋರ್ಸು ಗೊತ್ತು ಮಾಡಿಕೊಳ್ಳಬೇಕು.

ಕೊನೆಯದಾಗಿ ನಮ್ಮ ಕಾಲೇಜುಗಳಿಗೆ ಒಂದು ಮನವಿ. ತಿಪಟೂರಿನ ಕಲ್ಪತರು ತಾಂತ್ರಿಕ ಕಾಲೇಜು, ಮೂರೂ ತಾಲ್ಲೂಕುಗಳ ಪ್ರಥಮ ದರ್ಜೆ ಕಾಲೇಜುಗಳು ವಾರಕ್ಕೆ ಒಂದು ಸಂಜೆ ಇಂಗ್ಲಿಷ್ ಮಾತಿಗೆ ಮತ್ತು ಬರವಣಿಗೆಗೆ ಮೀಸಲಿಡಲಿ. ಇಂಗ್ಲಿಷ್ ಮೇಷ್ಟ್ರುಗಳು ಮಕ್ಕಳ ಪ್ರಬಂಧಗಳನ್ನು ಕೆಂಪು ಪೆನ್ನಿನಲ್ಲಿ ತಿದ್ದಿಕೊಡಲಿ. ಬೋಧನಾ ಮಾಧ್ಯಮದ ಪತ್ರವನ್ನು ಕೇಳಿದ ವಾರದೊಳಗೆ ಕೊಡುವ ವ್ಯವಸ್ಥೆಯಾಗಲಿ. ಹೊರದೇಶದಲ್ಲಿ ಓದುತ್ತಿರುವ ಈ ಊರುಗಳ ಹಳೆಯ ವಿದ್ಯಾರ್ಥಿಗಳು ತಾವು ಬರೆದ ಪರೀಕ್ಷೆ ಯಾವುದು, ತಮ್ಮ ವಿಶ್ವವಿದ್ಯಾಲಯ ಭಾಗವಾರು ಕೇಳಿದ ಅಂಕ ಎಷ್ಟು, ವೀಸಾ ಇಲಾಖೆ ಒಪ್ಪಿದ್ದು ಯಾವುದನ್ನು ಎಂದು ಒಂದು ಪುಟ ಬರೆದು ತಮ್ಮ ಕಾಲೇಜಿನ ಗ್ರಂಥಾಲಯಕ್ಕೆ ಕಳಿಸಲಿ. ಅಂಥ ಪುಟಗಳು ಒಂದು ಫೈಲಿನಲ್ಲಿ ಸೇರಿ, ವರ್ಷಕ್ಕೊಮ್ಮೆ ಹೊಸದಾಗುತ್ತಾ ಹೋದರೆ ಮುಂದಿನ ವರ್ಷ ಅರ್ಜಿ ಹಾಕುವ ಹುಡುಗ ಹುಡುಗಿಯರು ಶುಲ್ಕ ಕಟ್ಟುವ ಮುನ್ನ ಅದನ್ನು ಓದಿಕೊಳ್ಳಬಹುದು.